ಹಳೇ ಅಮೆರಿಕದಲ್ಲಿ ಚಿಕ್ಕ ವಯಸ್ಸಿಗೇ ತೀರ್ಕೊಂಡ ಪೂರ್ವಜನ್ನ ಹುಡುಕೋದು ಹೇಗೆ: ಸಮಗ್ರ ಮಾರ್ಗದರ್ಶಿ

ಮಗಳು ಮದುವೆ ಆಗಿರೋದು ಮೆಸಾಚುಸೆಟ್ಸ್ ಕಡೆ ಹುಡುಗನ್ನ. ಮೊಮ್ಮಗನಿಗೆ ಸ್ಕೂಲಲ್ಲಿ ವಂಶವೃಕ್ಷ ಬರ್ಕೊಂಡು ಬಾ ಅಂದ್ರು. ನಮ್ಮ ಕಡೆದು ನಾನು ಮುತ್ತಜ್ಜನ ತನಕ ಹೇಳಿ, ಅದರಾಚೆ ಗೋತ್ರ ಹೇಳಿ ಕೈ ತೊಳ್ಕೊಂಡೆ. ನಮ್ಮ ಊರಿಗೆ ವಂಶಾವಳಿ ಹೇಳೋ ಹೆಳವರು ಬರ್ತಿದ್ದಾಗ ಕೂತು ಕೇಳಿಸ್ಕೊಂಡಿದ್ರೆ ಇನ್ನೂ ನಾಕು ತಲೆಮಾರು ಸಿಕ್ತಿತ್ತೇನೋ, ಆಗ ನಮಗೆ ಅವರ ಎತ್ತಿನ ಮೇಲಷ್ಟೇ ಕಣ್ಣು. ಆದ್ರೆ ಅಳಿಯನ ಕಡೆ ನೋಡಿದ್ರೆ, ಹೆಳವರ ಕೆಲಸನ ಅಲ್ಲಿ ಟೌನ್ ಕ್ಲರ್ಕು, ಪಾದ್ರಿ, ಕೋರ್ಟ್ ಗುಮಾಸ್ತ ಮೂರೂ ಜನ ಸೇರಿ ಮಾಡಿಟ್ಟಿದ್ದಾರೆ, ಹದಿನೇಳನೇ ಶತಮಾನದಿಂದ.

ಅವರ ಮನೇಲಿ ಒಂದು ಕಥೆ ಇತ್ತು, ಒಬ್ಬ ಪೂರ್ವಜ ಜಾರ್ಜ್ ವಾಷಿಂಗ್ಟನ್ ಜೊತೆ ಯುದ್ಧಕ್ಕೆ ಹೋಗಿ ಇಪ್ಪತ್ತರ ಆಸುಪಾಸಲ್ಲಿ ಸತ್ತ ಅಂತ. ಹೊರಗೆ ಮಂಡಿ ತನಕ ಹಿಮ, ಒಳಗೆ ನನಗೆ ಮಾಡೋಕೆ ಕೆಲಸ ಇಲ್ಲ, ಲ್ಯಾಪ್‌ಟಾಪ್ ಇಟ್ಕೊಂಡು ಕೂತೆ. ನಾಕು ತಿಂಗಳಾದ್ಮೇಲೆ ಗೊತ್ತಾಗಿದ್ದು ಏನು ಅಂದ್ರೆ ಅವನು ಸತ್ತಿದ್ದು 1746ರಲ್ಲಿ, ಆಗ ವಾಷಿಂಗ್ಟನ್‌ಗೆ ಇನ್ನೂ ಹದಿನಾಲ್ಕು ತುಂಬೋದ್ರಲ್ಲಿತ್ತು. ಆ ನಾಕು ತಿಂಗಳಲ್ಲಿ ಎಲ್ಲೆಲ್ಲಿ ಎಡವಿದೆ, ಯಾವ ದಾರಿ ಕೈ ಹಿಡೀತು ಅಂತ ಇಲ್ಲಿ ಬರೀತಿದೀನಿ. ಅಮೆರಿಕದಲ್ಲಿ ಸಂಬಂಧ ಬೆಳೆಸಿರೋ ಮನೆಗಳು ಈಗ ನಮ್ಮಲ್ಲಿ ಕಮ್ಮಿ ಏನಿಲ್ಲ, ಯಾರಿಗಾದ್ರೂ ಬೇಕಾಗತ್ತೆ.

ಮೊದಲು ತಲೇಲಿ ಇಟ್ಕೊಳ್ಳಬೇಕಾದ್ದು

ಎಪ್ಪತ್ತು ವರ್ಷ ಬದುಕಿದವನು ಜಮೀನು ತಗೋತಾನೆ, ಮಾರ್ತಾನೆ, ಕೋರ್ಟಲ್ಲಿ ಜಗಳ ಆಡ್ತಾನೆ, ವಿಲ್ ಬರೀತಾನೆ, ಹತ್ತು ಕಡೆ ಹೆಸರು ಬರತ್ತೆ. ಇಪ್ಪತ್ಮೂರಕ್ಕೆ ಸತ್ತವನ ಹೆಸರಲ್ಲಿ ಏನೂ ಇರಲ್ಲ, ಅಪ್ಪನ ಜಮೀನಲ್ಲಿ ದುಡೀತಿದ್ದ, ಮದುವೆ ಆಗಿ ಎರಡು ವರ್ಷ, ಒಂದು ಮಗು, ಮುಗೀತು. ಹಾಗಾಗಿ ಅವನ ಹೆಸರು ಟೈಪ್ ಮಾಡಿ ಮಾಡಿ ಹುಡುಕಿದ್ರೆ ಕಣ್ಣು ಹೋಗತ್ತೆ ಅಷ್ಟೆ. ಅವನು ಹೋದ್ಮೇಲೆ ಉಳ್ಕೊಂಡವರ ಬೆನ್ನು ಹತ್ತಬೇಕು: ವಿಧವೆ, ಮಗುವಿನ ಗಾರ್ಡಿಯನ್, ಅಣ್ಣತಮ್ಮಂದಿರು, ಪಕ್ಕದ ಮನೆಯವನು, ಜೊತೇಲಿ ಯುದ್ಧಕ್ಕೆ ಹೋದವನು. ಕೆಳಗೆ ಹೇಳೋದೆಲ್ಲ ಇದರ ಮೇಲೇ ನಿಂತಿದೆ.

ಹೆಜ್ಜೆ 1: ಗೊತ್ತಿರೋ ಕಡೆಯಿಂದ ಹಿಂದಕ್ಕೆ ಹೋಗಿ

ಅಜ್ಜ ಅಜ್ಜಿಯಿಂದ ಶುರು ಮಾಡಿ ಒಂದೊಂದೇ ತಲೆಮಾರು ಹಿಂದಕ್ಕೆ. ಪ್ರತಿ ಮೆಟ್ಟಿಲಿಗೂ "ಇವನು ಅವನ ಮಗ" ಅಂತ ಹೇಳೋ ಒಂದು ದಾಖಲೆ ಕೈಲಿರಬೇಕು. 1620ರಲ್ಲಿ ಇಂಗ್ಲೆಂಡಿಂದ ಮೊದಮೊದಲ ವಲಸಿಗರನ್ನ ತಂದ ಮೇಫ್ಲವರ್ ಹಡಗಲ್ಲಿ ಬಂದ ಯಾರೋ ದೊಡ್ಡವನ್ನ ಹಿಡ್ಕೊಂಡು ಅಲ್ಲಿಂದ ಕೆಳಕ್ಕೆ ಇಳಿಯೋಕೆ ಹೋಗ್ಬೇಡಿ, ಎಲ್ಲೋ ಒಂದು ಕಡೆ ನಿಮ್ಮ ಸರ್‌ನೇಮ್ ಸಿಕ್ಕತ್ತೆ, ಮನಸ್ಸು ಹೌದು ಅನ್ನತ್ತೆ, ತಪ್ಪು ಅಲ್ಲೇ ಆಗೋದು.

ಟೂಲ್ಸ್ ವಿಷಯ: ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ವೆಬ್‌ಸೈಟ್ ಪೂರ್ತಿ ಫ್ರೀ, ಲಾಗಿನ್ ಮಾಡ್ಕೊಂಡ್ರೆ ಸಾಕು, ಬೆಂಗಳೂರಲ್ಲಿ ಕೂತೂ ನೋಡಬಹುದು. ಅದರಲ್ಲಿ ಈಗ ಫುಲ್ ಟೆಕ್ಸ್ಟ್ ಸರ್ಚ್ ಅಂತ ಇದೆ, ಕೈಬರಹದ ಹಳೇ ಕ್ರಯಪತ್ರ, ಕೋರ್ಟ್ ಪುಸ್ತಕನೆಲ್ಲ ಕಂಪ್ಯೂಟರ್ರೇ ಓದಿ ಹುಡುಕಿ ಕೊಡತ್ತೆ. ಇಂಡೆಕ್ಸಲ್ಲಿ ಇರದೇ ಇರೋ ಸಾಕ್ಷಿಗಳ, ಪಕ್ಕದ ಜಮೀನವರ ಹೆಸರೂ ಇದರಲ್ಲಿ ಸಿಗತ್ತೆ, ನಮ್ಮ ಕೇಸಿನ ಅರ್ಧ ಕೆಲಸ ಇದರಿಂದಾನೇ ಆಗಿದ್ದು. ನ್ಯೂ ಇಂಗ್ಲೆಂಡ್ (ಮೆಸಾಚುಸೆಟ್ಸ್ ಸುತ್ತಮುತ್ತಲಿನ ಈಶಾನ್ಯ ರಾಜ್ಯಗಳು) ಕಡೆಯವರಾದ್ರೆ ಅಮೆರಿಕನ್ ಆನ್ಸೆಸ್ಟರ್ಸ್ ಸೈಟು, ಅದು 1845ರಲ್ಲಿ ಬಾಸ್ಟನ್‌ನಲ್ಲಿ ಶುರುವಾದ ವಂಶಾವಳಿ ಸಂಸ್ಥೆಯದ್ದು, ದುಡ್ಡು ಕೇಳತ್ತೆ, ಆದ್ರೆ ಕೊಟ್ಟಿದ್ದಕ್ಕೆ ಮೋಸ ಇಲ್ಲ. ಆನ್ಸೆಸ್ಟ್ರಿ ಅನ್ನೋ ಸೈಟು ಎಲ್ಲರಿಗೂ ಗೊತ್ತಿರೋದೇ.

ಹೆಜ್ಜೆ 2: ಆ ಊರು ಆ ವರ್ಷ ಯಾವ ಕೌಂಟಿಲಿತ್ತು ನೋಡಿ

ಕೌಂಟಿ ಅಂದ್ರೆ ನಮ್ಮ ಜಿಲ್ಲೆ ತರ. ಇದು ನಮಗೆ ಅರ್ಥ ಆಗೋ ವಿಷಯ, ಬಳ್ಳಾರಿ ಹಳೇ ಕಡತ ಮದ್ರಾಸಲ್ಲಿ ಇರೋ ತರ. ವೂಸ್ಟರ್ ಕೌಂಟಿ ಹುಟ್ಟಿದ್ದೇ 1731ರಲ್ಲಿ, ಅದಕ್ಕೂ ಹಿಂದಿನ ಕ್ರಯಪತ್ರ ಬೇಕಂದ್ರೆ ಮಿಡಲ್‌ಸೆಕ್ಸ್, ಸಫೋಕ್ ಅಥವಾ ಹ್ಯಾಂಪ್‌ಶೈರ್ ಕೌಂಟಿಲಿ ನೋಡ್ಬೇಕು. ಡೆಡಮ್, ಕ್ವಿನ್ಸಿ ಈಗ ನಾರ್ಫೋಕ್ ಕೌಂಟಿ, 1793ರ ತನಕ ಸಫೋಕ್. ಮೇನ್ ಅನ್ನೋ ರಾಜ್ಯ 1820ರ ತನಕ ಮೆಸಾಚುಸೆಟ್ಸ್ ಕೈಲೇ ಇತ್ತು. ವರ್ಜೀನಿಯಾ ಕಡೆ ಆದ್ರೆ ಸ್ವಲ್ಪ ಗಟ್ಟಿ ಮನಸ್ಸು ಮಾಡ್ಕೊಳ್ಳಿ, ಸಿವಿಲ್ ವಾರ್ ಟೈಮಲ್ಲಿ ಸೇಫಾಗಿರ್ಲಿ ಅಂತ ಎಷ್ಟೋ ಕೌಂಟಿಗಳು ಕಡತಗಳನ್ನ ರಿಚ್‌ಮಂಡ್‌ಗೆ ಕಳಿಸಿದ್ವು, 1865ರ ಏಪ್ರಿಲಲ್ಲಿ ರಿಚ್‌ಮಂಡೇ ಹೊತ್ತಿ ಉರೀತು. ಇಂಥವಕ್ಕೆ ಅವರು ಸುಟ್ಟ ಕೌಂಟಿ ಅಂತಾನೇ ಹೆಸರಿಟ್ಟಿದ್ದಾರೆ.

ಹೆಜ್ಜೆ 3: ತಾರೀಕಿನ ಗುಂಡಿ

ಇಲ್ಲಿ ಬೀಳದೇ ಇರೋರು ಯಾರೂ ಇಲ್ಲ, ನಾನೂ ಬಿದ್ದೆ. 1752ರ ತನಕ ಇಂಗ್ಲಿಷರ ವಸಾಹತುಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ, ಹೆಚ್ಚುಕಮ್ಮಿ ನಮ್ಮ ಯುಗಾದಿ ಟೈಮಿಗೆ. ಅಂದ್ರೆ 1745ರ ಡಿಸೆಂಬರ್ ಆದ್ಮೇಲೆ ಬರೋದು 1745ರ ಜನವರಿನೇ! ಎಚ್ಚರಿಕೆ ಇದ್ದ ಗುಮಾಸ್ತರು 1745/46 ಅಂತ ಎರಡೂ ಬರೀತಿದ್ರು, ಸೋಮಾರಿಗಳು ಬರೀತಿರಲಿಲ್ಲ. ಜೊತೆಗೆ 1752ರಲ್ಲಿ ಕ್ಯಾಲೆಂಡರ್ ಬದಲಾಯಿಸ್ದಾಗ ಸೆಪ್ಟೆಂಬರ್ 2 ಆದ್ಮೇಲೆ ನೇರ 14ಕ್ಕೆ ಹಾರಿದ್ರು. ವಾಷಿಂಗ್ಟನ್ ಹುಟ್ಟಿದ ದಿನ ಆಗಿನ ಲೆಕ್ಕದಲ್ಲಿ 1731/32ರ ಫೆಬ್ರವರಿ 11, ಈಗ ಆಚರಿಸೋದು 1732ರ ಫೆಬ್ರವರಿ 22. ಕ್ವೇಕರ್ ಅನ್ನೋ ಕ್ರೈಸ್ತ ಪಂಥದ ಮನೆತನ ಆದ್ರೆ ತಿಂಗಳಿಗೆ ಹೆಸರೇ ಇರಲ್ಲ, ಮೊದಲನೇ ತಿಂಗಳು, ಎರಡನೇ ತಿಂಗಳು ಅಂತ ಬರೀತಾರೆ, 1752ಕ್ಕೆ ಮುಂಚೆ ಅವರ ಮೊದಲನೇ ತಿಂಗಳು ಅಂದ್ರೆ ಮಾರ್ಚ್.

ನಮ್ಮ ಕೇಸಲ್ಲಿ ಚರ್ಚ್ ಪುಸ್ತಕದಲ್ಲಿ "1745ರ ಜನವರಿ, ಕೇಪ್ ಬ್ರೆಟನ್‌ನಲ್ಲಿ ತೀರಿದ" ಅಂತ ಒಂದೇ ಸಾಲು. ಕೇಪ್ ಬ್ರೆಟನ್ ಅಂದ್ರೆ ಈಗಿನ ಕೆನಡಾದ ನೋವಾ ಸ್ಕೋಶಿಯಾ, ಅಲ್ಲಿ ಲೂಯಿಬರ್ಗ್ ಅಂತ ಫ್ರೆಂಚರ ಕೋಟೆ. ಆದ್ರೆ ನ್ಯೂ ಇಂಗ್ಲೆಂಡ್‌ನೋರು ಆ ಕೋಟೆ ಮೇಲೆ ದಂಡೆತ್ತಿ ಹಡಗು ಹತ್ತಿದ್ದೇ 1745ರ ಮಾರ್ಚಲ್ಲಿ, ಗೆದ್ದಿದ್ದು ಜೂನಲ್ಲಿ. ಜನವರಿಲಿ ಅಲ್ಲಿ ಹೆಂಗೆ ಸಾಯ್ತಾನೆ ಇವನು ಅಂತ ಮೂರು ದಿನ ತಲೆ ಕೆರ್ಕೊಂಡೆ, ಪಾದ್ರಿಗೆ ತಪ್ಪಾಗಿದೆ ಅಂತ ತೀರ್ಮಾನನೂ ಮಾಡ್ಬಿಟ್ಟಿದ್ದೆ. ತಪ್ಪು ಪಾದ್ರಿದಲ್ಲ, ನಂದು. ಅವರ 1745ರ ಜನವರಿ ನಮ್ಮ 1746ರ ಜನವರಿ. ಕೋಟೆ ಗೆದ್ದಾಗ ಸತ್ತವರಿಗಿಂತ ಗೆದ್ದ ಮೇಲೆ ಕಾವಲಿಗೆ ಅಂತ ಆ ಚಳೀಲಿ ಉಳಿಸ್ಕೊಂಡ ಹುಡುಗರು ಜ್ವರ, ಭೇದಿ ಬಂದು ಸತ್ತಿದ್ದೇ ಜಾಸ್ತಿ, ನೂರುಗಟ್ಟಲೆ. ಅವರಲ್ಲಿ ಇವನೊಬ್ಬ. ಎರಡೇ ವರ್ಷಕ್ಕೆ, 1748ರ ಒಪ್ಪಂದದಲ್ಲಿ ಬ್ರಿಟಿಷರು ಆ ಕೋಟೆನ ವಾಪಸ್ ಫ್ರೆಂಚರಿಗೇ ಕೊಟ್ಟು, ಬದಲಿಗೆ ಫ್ರೆಂಚರು ಹಿಡಿದಿದ್ದ ಮದ್ರಾಸನ್ನ ವಾಪಸ್ ತಗೊಂಡ್ರು. ಅಳಿಯನ ಪೂರ್ವಜ ಸತ್ತು ಗೆದ್ದ ಕೋಟೆ ಹೋಗಿದ್ದು ನಮ್ಮ ಪಕ್ಕದ ಮದ್ರಾಸಿಗೆ ಬದಲಾಗಿ. ಇದನ್ನ ಊಟದ ಟೇಬಲ್ ಮೇಲೆ ಹೇಳ್ದಾಗ ಅಳಿಯ ಸ್ಪೂನ್ ಕೆಳಗಿಟ್ಟ.

ಹೆಜ್ಜೆ 4: ಊರಿನ ಜನನ ಮರಣ ಪುಸ್ತಕ

ಮೆಸಾಚುಸೆಟ್ಸ್‌ನಲ್ಲಿ 1639ರಿಂದಲೇ ಹುಟ್ಟು, ಮದುವೆ, ಸಾವು ಬರೆಸ್ಬೇಕು ಅಂತ ಆರ್ಡರ್ ಇತ್ತು. ಸುಮಾರು ಊರುಗಳದ್ದು 1850ರ ತನಕ ಪ್ರಿಂಟ್ ಆಗಿದೆ, ಆನ್‌ಲೈನ್‌ನಲ್ಲೂ ಇದೆ. ಪಕ್ಕದ ಕನೆಕ್ಟಿಕಟ್ ರಾಜ್ಯಕ್ಕೆ ಇದೇ ತರದ್ದು ಬಾರ್ಬರ್ ಕಲೆಕ್ಷನ್ ಅಂತ ಇದೆ. ಆದ್ರೆ ಪ್ರಿಂಟಲ್ಲಿ ಅಕ್ಷರದ ಪ್ರಕಾರ ಜೋಡಿಸಿರ್ತಾರೆ, ಮೂಲ ಪುಸ್ತಕದಲ್ಲಿ ಒಂದು ಮನೆಯವರದ್ದು ಒಂದೇ ಪುಟದಲ್ಲಿ ಇರತ್ತೆ, ಅಪ್ಪ ಅಮ್ಮ, ಮಕ್ಕಳು ಸಾಲಾಗಿ. ಅದಕ್ಕೇ ಮೂಲ ಪುಟದ ಫೋಟೋ ನೋಡದೆ ಮುಂದೆ ಹೋಗ್ಬೇಡಿ. ಮಕ್ಕಳ ಸಾಲು ಒಂದಕ್ಕೇ ಥಟ್ ಅಂತ ನಿಂತಿದೆ, ಕೆಳಗೆ ಖಾಲಿ ಜಾಗ ಇದೆ ಅಂದ್ರೆ ಅನುಮಾನ ಬರಬೇಕು, ಆ ಕಾಲದಲ್ಲಿ ಎರಡು ವರ್ಷಕ್ಕೊಂದು ಮಗು ಮಾಮೂಲಿ.

ಸಾವು ಬರೆಸೋದ್ರಲ್ಲಿ ಜನ ಎಲ್ಲಾ ಕಡೆ ಸೋಮಾರಿಗಳೇ, ಊರಾಚೆ ಸತ್ತವರದ್ದಂತೂ ಕೇಳ್ಲೇಬೇಡಿ. ಅಲ್ಲಿ ಸಿಗದಿದ್ರೆ ಚರ್ಚ್ ಪುಸ್ತಕ. ಒಂದೇ ಭಾನುವಾರ ನಾಲ್ಕು ಮಕ್ಕಳಿಗೆ ಬ್ಯಾಪ್ಟಿಸಮ್ ಆಗಿದ್ರೆ ಅವಳಿ ಜವಳಿ ಅಲ್ಲ, ಆವತ್ತು ಅಪ್ಪನೋ ಅಮ್ಮನೋ ಚರ್ಚ್ ಮೆಂಬರ್ ಆಗಿರ್ತಾರೆ. ನಮ್ಮವನ ಮಗುವಿನ ಬ್ಯಾಪ್ಟಿಸಮ್ 1745ರ ಅಕ್ಟೋಬರಲ್ಲಿ, ಅಪ್ಪ ಹೋದ ಏಳು ತಿಂಗಳಿಗೆ. ಮಗು ಮುಖ ಅವನು ನೋಡೇ ಇಲ್ಲ.

ಹೆಜ್ಜೆ 5: ಕೆಲವು ಪದಗಳು ಈಗಿನ ಅರ್ಥದಲ್ಲಿಲ್ಲ

ಜೂನಿಯರ್ ಅಂದ್ರೆ ಮಗ ಅಂತಲ್ಲ, ಒಂದೇ ಊರಲ್ಲಿ ಅದೇ ಹೆಸರಿನ ಇಬ್ಬರಲ್ಲಿ ಚಿಕ್ಕವನು, ಅಷ್ಟೆ. ಚಿಕ್ಕಪ್ಪನ ಮಗನೂ ಆಗಬಹುದು, ಸಂಬಂಧನೇ ಇಲ್ಲದವನೂ ಆಗಬಹುದು. ದೊಡ್ಡವನು ಸತ್ತ ತಕ್ಷಣ ಜೂನಿಯರ್ ಸೀನಿಯರ್ ಆಗ್ತಾನೆ, ಮೂರನೆಯವನು ಜೂನಿಯರ್ ಆಗ್ತಾನೆ, ಕಂಪ್ಲೀಟ್ ಗೊಂದಲ. ಕಸಿನ್ ಅಂದ್ರೆ ಅಣ್ಣನ ಮಗನೂ ಆಗಬಹುದು. ಸನ್ ಇನ್ ಲಾ ಅಂದ್ರೆ ಹೆಂಡತಿಯ ಮೊದಲ ಗಂಡನ ಮಗನೂ ಹೌದು, ಇದು ಸಣ್ಣ ವಯಸ್ಸಿಗೆ ಸತ್ತವರ ಕೇಸಲ್ಲಿ ಬಂಗಾರದಂಥ ಸುಳಿವು. ಕಲ್ಲಿನ ಮೇಲೆ ರೆಲಿಕ್ಟ್ ಅಂತಿದ್ರೆ ವಿಧವೆ, ಕನ್ಸಾರ್ಟ್ ಅಂತಿದ್ರೆ ಗಂಡ ಇರೋವಾಗ್ಲೇ ಹೋದ ಮುತ್ತೈದೆ. ಕೋರ್ಟ್ ಕಾಗದದಲ್ಲಿ ಇನ್‌ಫೆಂಟ್ ಅಂದ್ರೆ ಕೂಸಲ್ಲ, 21 ತುಂಬದ ಯಾರಾದ್ರೂ.

ಕೈಬರಹ ಮೊದಲ ವಾರ ಶಾಸನ ಓದಿದಂಗೆ ಅನ್ಸತ್ತೆ. ಎಸ್ ಅಕ್ಷರ ಎಫ್ ತರ ಕಾಣತ್ತೆ, ಜಾನ್ ಅನ್ನೋದನ್ನ ಮೂರಕ್ಷರಕ್ಕೆ ಚುಟುಕು ಮಾಡಿರ್ತಾರೆ. ಒಂದೇ ಗುಮಾಸ್ತನ ಹತ್ತು ಪುಟ ಓದಿ, ಹನ್ನೊಂದನೇದು ತಾನೇ ಬರತ್ತೆ.

ಹೆಜ್ಜೆ 6: ಪ್ರೊಬೇಟ್ ಫೈಲು, ಇಲ್ಲೇ ಟೈಮ್ ಕೊಡಿ

ಪ್ರೊಬೇಟ್ ಅಂದ್ರೆ ಸತ್ತವರ ಆಸ್ತಿನ ಕೋರ್ಟು ವಿಲೇವಾರಿ ಮಾಡೋದು. ನಾನು ಮೊದಲು ವಿಲ್ ಹುಡುಕಿದೆ, ಸಿಗಲಿಲ್ಲ, ಬಿಟ್ಬಿಟ್ಟೆ. ಅದು ದೊಡ್ಡ ತಪ್ಪು. ಇಪ್ಪತ್ಮೂರರ ಹುಡುಗ ವಿಲ್ ಬರೆಯಲ್ಲ. ವಿಲ್ ಇಲ್ಲದೆ ಸತ್ರೆ ಕೋರ್ಟು ಒಬ್ಬರನ್ನ ಅಡ್ಮಿನಿಸ್ಟ್ರೇಟರ್ ಅಂತ ನೇಮಿಸತ್ತೆ, ಸಾಮಾನ್ಯವಾಗಿ ವಿಧವೆ, ಇಲ್ಲಾಂದ್ರೆ ಅಣ್ಣತಮ್ಮ, ಅವರೂ ಇಲ್ಲಾಂದ್ರೆ ಸಾಲ ಕೊಟ್ಟವನು. ಆಮೇಲೆ ಸಾಲಾಗಿ ಕಾಗದ ಹುಟ್ಟತ್ತೆ. ಮೊದಲು ಬಾಂಡು, ಅದಕ್ಕೆ ಸಹಿ ಹಾಕಿರೋ ಇಬ್ಬರು ಜಾಮೀನುದಾರರನ್ನ ಬಿಡಬೇಡಿ, ನೂರಕ್ಕೆ ತೊಂಬತ್ತು ಸಲ ಹೆಣ್ಣಿನ ತವರಿನವರೋ ಗಂಡಿನ ಕಡೆಯವರೋ ಆಗಿರ್ತಾರೆ, ತೊಂಬತ್ತು ಅನ್ನೋದು ನನ್ನ ಅಂದಾಜು ಕಣ್ರೀ, ಲೆಕ್ಕ ಹಾಕಿಲ್ಲ. ಆಮೇಲೆ ಇನ್ವೆಂಟರಿ: ಮೂರು ಜನ ಊರಿನವರು ಮನೆಗೆ ಬಂದು ಚಮಚ, ಹಾಸಿಗೆ, ಹಸು ಎಲ್ಲಕ್ಕೂ ಬೆಲೆ ಕಟ್ಟಿ ಬರೀತಾರೆ. ಸಾವಿನ ತಾರೀಕು ಸಿಗದೇ ಇದ್ರೂ, ಇನ್ವೆಂಟರಿ ತಾರೀಕಿಗಿಂತ ಸ್ವಲ್ಪ ಹಿಂದೆ ಸತ್ತಿದ್ದಾನೆ ಅಂತ ಗೊತ್ತಾಗತ್ತೆ.

ಈ ಇನ್ವೆಂಟರಿ ಓದೋದು ನನಗೆ ಒಂದು ಚಟ ಆಗ್ಬಿಡ್ತು. ನಮ್ಮವನದ್ದು ಬರೀ ಹದಿನಾಲ್ಕು ಐಟಂ. ಒಂದು ಹಸು, ಅರ್ಧ ನೇಗಿಲು (ಇನ್ನರ್ಧ ಅಣ್ಣಂದು ಇರಬೇಕು), ಒಂದು ಹಾಸಿಗೆ, ಹಳೇ ಕೋಟು, ಒಂದು ಬೈಬಲ್, ಸ್ವಲ್ಪ ಅಗಸೆ ನಾರು. ಬಂದೂಕು ಇಲ್ಲ. ಆ ಕಾಲದಲ್ಲಿ ಬಂದೂಕು ಇಲ್ಲದ ಗಂಡಸಿನ ಮನೆ ಅಪರೂಪ, ತಗೊಂಡೇ ಹೋಗಿದ್ದಾನೆ, ಅದು ವಾಪಸ್ ಬರಲಿಲ್ಲ. ಕೊನೇ ಸಾಲಲ್ಲಿ "ಪ್ರಾವಿನ್ಸಿನಿಂದ ಬರಬೇಕಾದ ಸಂಬಳ", ಪ್ರಾವಿನ್ಸ್ ಅಂದ್ರೆ ಆಗಿನ ಮೆಸಾಚುಸೆಟ್ಸ್ ಸರ್ಕಾರ. ಚರ್ಚ್ ಪುಸ್ತಕದಲ್ಲಿದ್ದ ಆ ಕೇಪ್ ಬ್ರೆಟನ್‌ನವನೂ ಈ ಮನೆಯವನೂ ಒಬ್ಬನೇ ಅಂತ ಕಟ್ಟಿ ಹಾಕಿದ್ದು ಈ ಒಂದು ಸಾಲು. ಬೆಲೆಗಳು ಓಲ್ಡ್ ಟೆನರ್ ಅನ್ನೋ ಕಾಗದದ ದುಡ್ಡಲ್ಲಿರತ್ತೆ, ಆ ದುಡ್ಡು ಆಗಲೇ ಮಕಾಡೆ ಮಲಗಿತ್ತು, ಹಸುಗೆ ಇಷ್ಟೊಂದು ಪೌಂಡಾ ಅಂತ ಶ್ರೀಮಂತ ಮಾಡ್ಬಿಡಬೇಡಿ.

ಆಮೇಲೆ ಗಾರ್ಡಿಯನ್‌ಶಿಪ್. ಅಮ್ಮ ಬದುಕಿದ್ರೂ ಮಗುವಿಗೆ ಆಸ್ತಿ ಬರೋದಿದ್ರೆ ಕೋರ್ಟು ಗಾರ್ಡಿಯನ್ ಇಡತ್ತೆ, ಅದನ್ನ ನೋಡಿ ಅಮ್ಮನೂ ಸತ್ತಳು ಅಂತ ಬರ್ಕೋಬೇಡಿ. ಹದಿನಾಲ್ಕು ತುಂಬಿದ್ರೆ ಮಗು ತಾನೇ ಗಾರ್ಡಿಯನ್‌ನ ಆರಿಸ್ಕೋಬಹುದು, ಹಾಗಾಗಿ 14ರ ಹತ್ತಿರ ಎರಡನೇ ಕಾಗದ ಹುಟ್ಟೋ ಚಾನ್ಸ್ ಇರತ್ತೆ, ಮಗು ಹುಟ್ಟಿದ ವರ್ಷಕ್ಕೆ 14 ಮತ್ತೆ 21 ಕೂಡಿಸಿ ಆ ವರ್ಷಗಳ ಆಚೀಚೆ ಹುಡುಕಿ. ಪಾಲಿನ ಲೆಕ್ಕನೂ ತಿಳ್ಕೊಂಡಿರಿ: ವಿಧವೆಗೆ ಜಮೀನಲ್ಲಿ ಮೂರನೇ ಒಂದು ಭಾಗ ಬದುಕಿರೋ ತನಕ, ಮೆಸಾಚುಸೆಟ್ಸ್‌ನಲ್ಲಿ ಹಿರೀ ಮಗನಿಗೆ ಎರಡು ಪಾಲು. ಎಸೆಕ್ಸ್, ಮಿಡಲ್‌ಸೆಕ್ಸ್, ಸಫೋಕ್ ಫೈಲುಗಳೆಲ್ಲ ಸ್ಕ್ಯಾನ್ ಆಗಿವೆ.

ಹೆಜ್ಜೆ 7: ವಿಧವೆ ಮತ್ತೆ ಯಾರನ್ನ ಮದುವೆಯಾದ್ಲು

ಆ ಕಾಲದಲ್ಲಿ ಒಂಟಿ ಹೆಂಗಸು ಹೊಲ ನೋಡ್ಕೊಂಡು ಇರೋದು ಕಷ್ಟ, ಒಂದೆರಡು ವರ್ಷಕ್ಕೆ ಮರುಮದುವೆ ಸಾಮಾನ್ಯ. ಮೇಫ್ಲವರ್‌ನ ವಿಲಿಯಂ ವೈಟ್ 1621ರ ಫೆಬ್ರವರಿಲಿ ಸತ್ತ, ಅವನ ವಿಧವೆ ಸುಸಾನಾ ಮೇ ತಿಂಗಳಲ್ಲೇ ಎಡ್ವರ್ಡ್ ವಿನ್ಸ್‌ಲೋ ಜೊತೆ ಮದುವೆ ಆದ್ಲು, ಅವನ ಹೆಂಡ್ತಿ ಸತ್ತು ಎರಡು ತಿಂಗಳೂ ಆಗಿರಲಿಲ್ಲ. ಮದುವೆ ಮಾತ್ರ ಅಲ್ಲ, ಮದುವೆಗೆ ಮುಂಚೆ ಊರಲ್ಲಿ ಸಾರಿದ ಇಂಟೆನ್ಶನ್ ಅನ್ನೋ ದಾಖಲೆನೂ ನೋಡಿ, ಪಕ್ಕದೂರಿನ ಪುಸ್ತಕದಲ್ಲಿ ಇರಬಹುದು. ಅಲ್ಲಿ ಅವಳ ಹೆಸರು ಸತ್ತ ಗಂಡನದ್ದಾಗಿರತ್ತೆ, ತವರಿಂದಲ್ಲ, ನೆನಪಿಟ್ಕೊಳ್ಳಿ.

ಅದಾದ್ಮೇಲೆ ಕ್ರಯಪತ್ರ. ಇದು ಇಪ್ಪತ್ತು ವರ್ಷ ಬಿಟ್ಟು ಬರತ್ತೆ, ಮಗ ದೊಡ್ಡವನಾಗಿ "ತೀರಿಹೋದ ನನ್ನ ಗೌರವಾನ್ವಿತ ತಂದೆಗೆ ಅಜ್ಜನಿಂದ ಬಂದ ಪಾಲು" ಅಂತ ಮಾರ್ತಾನೆ. ಮೂರು ತಲೆಮಾರು ಒಂದೇ ವಾಕ್ಯದಲ್ಲಿ! ನಮಗೆ ಸಿಕ್ಕಿದ್ದು 1767ದು, ಹುಡುಗನಿಗೆ 21 ತುಂಬಿ ಸ್ವಲ್ಪ ದಿನಕ್ಕೆ. ಮಾರಿದ ವರ್ಷ ಒಂದು, ರಿಜಿಸ್ಟರ್ ಆದ ವರ್ಷ ಇನ್ನೊಂದು ಇರಬಹುದು, ಹಾಗಾಗಿ ಇಂಡೆಕ್ಸಲ್ಲಿ ಮೂವತ್ತು ವರ್ಷ ಮುಂದಕ್ಕೂ ನೋಡಿ.

ಹೆಜ್ಜೆ 8: ಯುದ್ಧದಲ್ಲಿ ಸತ್ತವರಾದ್ರೆ

ಸ್ವಾತಂತ್ರ್ಯ ಯುದ್ಧದ ಕಾಲ ಆದ್ರೆ ನಿಮ್ಮ ಅದೃಷ್ಟ ಚೆನ್ನಾಗಿದೆ. 1800ರ ನವೆಂಬರಲ್ಲಿ ವಾರ್ ಡಿಪಾರ್ಟ್‌ಮೆಂಟ್ ಆಫೀಸಿಗೆ ಬೆಂಕಿ ಬಿದ್ದು ಮೊದಲಿನ ಕಡತ ಹೋದ್ರೂ, ಆಮೇಲಿನ ಪೆನ್ಶನ್ ಫೈಲು 80,000ದ ಹತ್ತಿರ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಇದಾವೆ. 1818, 1832ರಲ್ಲಿ ಬದುಕಿದ್ದವರಿಗೆ, 1836ರಿಂದ ವಿಧವೆಯರಿಗೂ ಸಿಕ್ತು. ಮದುವೆ ಪ್ರೂಫ್ ಕೊಡೋಕೆ ಅಜ್ಜಿಯರು ಮನೆ ಬೈಬಲ್ಲಿನ ಪುಟನೇ ಹರಿದು ಕಳಿಸಿದ್ದಾರೆ, ಅವು ಈಗಲೂ ಫೈಲಲ್ಲಿವೆ. ಆದ್ರೆ ನಿಮ್ಮವನು 1777ರಲ್ಲೇ ಸಿಡುಬು ಬಂದು ಸತ್ತಿದ್ರೆ ಅವನಿಗೆ ಎಲ್ಲಿಂದ ಪೆನ್ಶನ್? ಆಗ ಅವನ ಕಂಪನಿಲಿದ್ದ, ಬದುಕಿ ಮುದುಕನಾದ ಗೆಳೆಯನ ಫೈಲ್ ಓದಿ. ಎಂಬತ್ತರ ಮುದುಕ ಜಡ್ಜ್ ಮುಂದೆ ಕೂತು ಯಾರ್ ಜೊತೆ ಸೈನ್ಯ ಸೇರ್ದೆ, ಯಾರು ನನ್ನ ಪಕ್ಕದಲ್ಲೇ ಸತ್ರು ಅಂತೆಲ್ಲ ಹೇಳಿರ್ತಾನೆ. ಮೆಸಾಚುಸೆಟ್ಸ್ ಸೈನಿಕರ ಪಟ್ಟಿ 17 ಸಂಪುಟ ಪ್ರಿಂಟ್ ಆಗಿದೆ, ಫ್ರೀಯಾಗಿ ಸಿಗತ್ತೆ.

ಇದನ್ನ ಹುಡುಕ್ತಾ ಹುಡುಕ್ತಾ ನಾನು ಕುರ್ಚಿಯಿಂದ ಎದ್ದು ನಿಂತಿದ್ದು ಒಂದು ಸಲ: ಪೆನ್ಸಿಲ್ವೇನಿಯಾದವರ ಒಂದು ಯುದ್ಧದ ಹಡಗಿನ ಹೆಸರು ಹೈದರ್ ಅಲಿ! ನಮ್ಮ ಹೈದರಾಲಿನೇ. ಬ್ರಿಟಿಷರಿಗೆ ನೀರು ಕುಡಿಸ್ತಿದ್ದಾನೆ ಅಂತ ಅಲ್ಲಿ ತನಕ ಸುದ್ದಿ ಹೋಗಿ ಹೆಸರಿಟ್ಟಿದ್ದಾರೆ. 1782ರ ಏಪ್ರಿಲ್ 8ಕ್ಕೆ ಡೆಲವೇರ್ ಕೊಲ್ಲೀಲಿ ಜೋಶುವಾ ಬಾರ್ನಿ ಅನ್ನೋ ಕ್ಯಾಪ್ಟನ್ ಆ ಹಡಗಲ್ಲಿ ಹೋಗಿ ತನಗಿಂತ ಬಲವಾದ ಬ್ರಿಟಿಷ್ ಹಡಗು ಜನರಲ್ ಮಂಕ್‌ನ ಅರ್ಧ ಗಂಟೆಲಿ ಹಿಡಿದ. ನಿಮ್ಮ ಬೀಗರು ಫಿಲಡೆಲ್ಫಿಯಾದ ನಾವಿಕರ ಮನೆತನದವರಾದ್ರೆ ಆ ಹಡಗಿನ ಹೆಸರನ್ನೂ ಒಂದ್ಸಲ ಸರ್ಚಿಗೆ ಹಾಕಿ.

ಹೆಜ್ಜೆ 9: ಯಾಕೆ ಸತ್ತ ಅಂತ ವರ್ಷ ನೋಡಿ ಊಹಿಸಿ, ಆದ್ರೆ ಊಹೆ ಅಂತಾನೇ ಬರೆದಿಡಿ

ಬಾಸ್ಟನ್ 1721 ಆದ್ರೆ ಸಿಡುಬು, ಹನ್ನೊಂದು ಸಾವಿರ ಜನರಿದ್ದ ಊರಲ್ಲಿ 800ಕ್ಕೂ ಜಾಸ್ತಿ ಸಾವು. 1735ರಿಂದ ನ್ಯೂ ಹ್ಯಾಂಪ್‌ಶೈರ್ ಕಡೆ ಗಂಟಲು ರೋಗ, ಒಂದೇ ಮನೇಲಿ ಮಕ್ಕಳೆಲ್ಲ ಹೋದ ಪುಟಗಳಿದಾವೆ, ರಾತ್ರಿ ಹೊತ್ತು ಓದ್ಬೇಡಿ. ಫಿಲಡೆಲ್ಫಿಯಾ 1793 ಹಳದಿ ಜ್ವರ, ಸುಮಾರು 5,000. ಹೆಂಗಸು ಇಪ್ಪತ್ತರಿಂದ ಮೂವತ್ತೈದರೊಳಗೆ ಹೋಗಿದ್ರೆ ಅದೇ ವಾರದ ಆಚೀಚೆ ಮಗು ಹುಟ್ಟಿದ್ಯಾ ನೋಡಿ.

ಸಮಾಧಿ ಕಲ್ಲು ಇದ್ರೆ ವಯಸ್ಸು ವರ್ಷ ತಿಂಗಳು ದಿನದ ಲೆಕ್ಕದಲ್ಲಿ ಇರತ್ತೆ, ಹಿಂದಕ್ಕೆ ಕಳೆದ್ರೆ ಹುಟ್ಟಿದ ದಿನ. ರೆಕ್ಕೆ ಇರೋ ಬುರುಡೆ ಕೆತ್ತಿದ್ರೆ ಹಳೇದು, ಕುಂಡ ಮತ್ತೆ ಜೋತುಬಿದ್ದ ಮರ ಇದ್ರೆ 1700ರ ಕೊನೆ ಅಥವಾ ಅದಾದ್ಮೇಲಿಂದು. 1690ರಲ್ಲಿ ಸತ್ತವನಿಗೆ ಕುಂಡದ ಕಲ್ಲಿದ್ರೆ ಮೊಮ್ಮಕ್ಕಳು ಆಮೇಲೆ ನೆಟ್ಟಿದ್ದು, ತಾರೀಕು ನಂಬೋ ಮೊದಲು ಯೋಚನೆ ಮಾಡಿ. ಕಲ್ಲಿನ ಫೋಟೋ ಇಲ್ಲದ ಆನ್‌ಲೈನ್ ಸಮಾಧಿ ಪೇಜು ಅಂದ್ರೆ ಯಾರೋ ಟೈಪ್ ಮಾಡಿದ್ದು, ಅಷ್ಟೆ.

ಹೆಜ್ಜೆ 10: ಬೇರೆಯವರ ವಂಶವೃಕ್ಷ

ನಮ್ಮವನು ಆನ್‌ಲೈನ್ ಮರಗಳಲ್ಲಿ 1790ರ ತನಕ ಬದುಕಿದ್ದ, ಎರಡನೇ ಹೆಂಡ್ತಿ, ಏಳು ಮಕ್ಕಳು, ಯುದ್ಧದಲ್ಲಿ ಸಾರ್ಜೆಂಟ್. ಅದು ಅದೇ ಹೆಸರಿನ ದಾಯಾದಿ. ಯಾರೋ ಒಬ್ರು ಇಬ್ಬರನ್ನ ಸೇರಿಸಿದ್ರು, ನಲವತ್ತು ಜನ ಕಾಪಿ ಹೊಡೆದ್ರು. ಪ್ರಿಂಟ್ ಪುಸ್ತಕ ಅಂತಾನೂ ನಂಬೋ ಹಾಗಿಲ್ಲ, ಗುಸ್ತಾವ್ ಆಂಜೂ ಅನ್ನೋ ಒಬ್ಬ ದುಡ್ಡಿದ್ದವರಿಗೆ ಸುಳ್ಳು ವಂಶಾವಳಿ ಬರ್ಕೊಟ್ಟೇ ಜೀವನ ಮಾಡಿದ, ಅವನ ಮರಗಳು ಇವತ್ತಿಗೂ ಓಡಾಡ್ತಿವೆ.

ಡೊರೊಥಿ ಬ್ರಾಡ್‌ಫೋರ್ಡ್ ಕೇಸ್ ನೋಡಿ. ಮೇಫ್ಲವರ್‌ನವರು ಕಟ್ಟಿದ ಪ್ಲಿಮತ್ ವಸಾಹತಿನ ಗವರ್ನರ್ ಆದ ವಿಲಿಯಂ ಬ್ರಾಡ್‌ಫೋರ್ಡ್ ಹೆಂಡತಿ. 1613ರ ಆಮ್‌ಸ್ಟರ್‌ಡ್ಯಾಮ್ ಮದುವೆ ದಾಖಲೇಲಿ ವಯಸ್ಸು 16, ಹಾಗಾಗಿ 1620ರ ಡಿಸೆಂಬರ್ 7ಕ್ಕೆ ಸತ್ತಾಗ 23ರ ಆಸುಪಾಸು. ಗಂಡ ತನ್ನ ಪಟ್ಟಿಲಿ ಬರೆದಿದ್ದು, ಬಂದ ಸ್ವಲ್ಪ ದಿನಕ್ಕೆ ಹೆಂಡ್ತಿ ಸತ್ಲು ಅಂತ, ಅಷ್ಟೆ. ಹಡಗಿಂದ ನೀರಿಗೆ ಬಿದ್ಲು ಅನ್ನೋದು ಪ್ರಿಂಟಲ್ಲಿ ಬಂದಿದ್ದು 1702ರಲ್ಲಿ. ಬೇಕಂತಾನೇ ಹಾರಿದ್ಲು, ಅದೂ ಪ್ರೇಮದ ವಿಷಯಕ್ಕೆ ಅನ್ನೋ ಕಥೆ ಹುಟ್ಟಿದ್ದು 1869ರಲ್ಲಿ, ಒಂದು ಮ್ಯಾಗಜೀನ್ ಕಥೇಲಿ. ಸತ್ತು ಇನ್ನೂರೈವತ್ತು ವರ್ಷ ಆದ್ಮೇಲೆ! ಅದನ್ನ ಇವತ್ತಿಗೂ ಇತಿಹಾಸ ಅಂತ ಹೇಳೋರಿದಾರೆ. ಅದಕ್ಕೇ ಪ್ರತಿ ಮಾಹಿತಿ ಪಕ್ಕ ಎರಡು ವರ್ಷ ಬರ್ಕೊಳ್ಳಿ: ಘಟನೆ ಆಗಿದ್ದು ಯಾವಾಗ, ಯಾರೋ ಅದನ್ನ ಬರೆದಿದ್ದು ಯಾವಾಗ.

ಇಂಗ್ಲಿಷ್ ಮೂಲದವರಲ್ಲದಿದ್ರೆ

ನ್ಯೂಯಾರ್ಕ್‌ನ ಡಚ್ಚರಾದ್ರೆ ಸುಲಭ, ಡಚ್ ಚರ್ಚಿನ ಬ್ಯಾಪ್ಟಿಸಮ್ 1639ರಿಂದ ಇದೆ, ಹೆಂಗಸರು ತವರಿನ ಹೆಸರಲ್ಲೇ ಇರ್ತಾರೆ. ಅವರಿಗೆ ಸರ್‌ನೇಮ್ ಬದಲು ಅಪ್ಪನ ಹೆಸರೇ ಹಿಂದೆ ಬರ್ತಿತ್ತು, ಇನಿಶಿಯಲ್ ಇಟ್ಕೊಂಡು ಬೆಳೆದ ನಮಗೆ ಇದು ಅಳಿಯನಿಗಿಂತ ಬೇಗ ಅರ್ಥ ಆಯ್ತು. ಗುಲಾಮರಾಗಿದ್ದವರನ್ನ ಹುಡುಕೋದು ತುಂಬಾ ನೋವಿನ ಕೆಲಸ, ಅವರ ಹೆಸರು ಸಿಗೋದೇ ಯಜಮಾನನ ಇನ್ವೆಂಟರಿಲಿ, ಹಸು ನೇಗಿಲಿನ ಸಾಲಲ್ಲಿ, ಪಕ್ಕದಲ್ಲಿ ಬೆಲೆ. ನಮ್ಮ ಕಡೆಯವರೂ ಇದ್ರು: 1630ರ ದಶಕದಲ್ಲಿ ವರ್ಜೀನಿಯಾದ ಜಾರ್ಜ್ ಮೆನಿಫಿ ಅನ್ನೋನು ತಾನು ಕರೆಸ್ಕೊಂಡ ಜನರ ತಲೆಗೆ 50 ಎಕರೆ ಲೆಕ್ಕದಲ್ಲಿ ಜಮೀನು ತಗೊಂಡಾಗ ಕೊಟ್ಟ ಪಟ್ಟಿಲಿ "ಟೋನಿ, ಈಸ್ಟ್ ಇಂಡಿಯನ್" ಅಂತ ಒಂದು ಹೆಸರಿದೆ. ಅವನಮ್ಮ ಇಟ್ಟ ಹೆಸರು ಟೋನಿ ಅಂತೂ ಆಗಿರಲ್ಲ.

ಕೊನೇ ಕೆಲಸ

ಸಿಕ್ಕಿದ್ದೆಲ್ಲ ಒಂದೆರಡು ಪುಟ ಬರೆದಿಡಿ, ಯಾವ ಮಾತಿಗೆ ಯಾವ ದಾಖಲೆ, ಯಾವುದು ಊಹೆ, ಯಾವ ಪುಸ್ತಕ ನೋಡಿ ಏನೂ ಸಿಗಲಿಲ್ಲ ಅಂತನೂ. ಫೋಟೋ ಫೈಲಿಗೆ ವರ್ಷ, ಕೌಂಟಿ, ಪುಟ ಸಂಖ್ಯೆ ಹೆಸರಿಟ್ಟು ಸೇವ್ ಮಾಡಿ, ಇಲ್ಲಾಂದ್ರೆ ನನ್ನ ತರ ಅದೇ ಬಾಂಡನ್ನ ಮೂರು ಸಲ ಹುಡುಕ್ತೀರಿ.

ಮೊಮ್ಮಗ ಸ್ಕೂಲಿಗೆ ತಗೊಂಡು ಹೋಗಿದ್ದು ಆ ಇನ್ವೆಂಟರಿ ಪುಟದ ಪ್ರಿಂಟು, ಅರ್ಧ ನೇಗಿಲು ಅಂದ್ರೆ ಏನು ಅಂತ ಟೀಚರ್ ಕೇಳಿದ್ರಂತೆ. ಆ ವಿಧವೆಯ ತವರು ಮಾತ್ರ ಇನ್ನೂ ಸಿಕ್ಕಿಲ್ಲ. ಬಾಂಡಿಗೆ ಸಹಿ ಹಾಕಿರೋ ಎರಡನೇ ಜಾಮೀನುದಾರನ ಮೇಲೆ ನನಗೆ ಅನುಮಾನ, ಮುಂದಿನ ಚಳಿಗಾಲಕ್ಕೆ ಹೋದಾಗ ಅವನ ಕ್ರಯಪತ್ರಗಳಿಂದ ಶುರು ಮಾಡ್ಬೇಕು.